ಕೇರಿಯ ಮಾತು, ಊರಿನ ಲೆಕ್ಕ: ಕಾರವಾರದ ನಗರ ಯೋಜನೆಯಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು?

ಕೋಡಿಬಾಗ ನಿವಾಸಿ (ಪ್ರಶ್ನೆ)

ಕಾರವಾರದ ಕೋಡಿಬಾಗದ ಬದಿಯ ಒಂದು ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಎರಡು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಕಳೆದ ತಿಂಗಳು ನಡೆದ ಸಭೆಯೊಂದು ನನ್ನನ್ನು ಗೊಂದಲಕ್ಕೆ ನೂಕಿದೆ. ಈ ವಿಷಯದಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಒಳಚರಂಡಿಯ ನೀರನ್ನು ಮೇಲಕ್ಕೆತ್ತುವ ಪಂಪ್‌ಹೌಸಿಗೆ ನಮ್ಮ ಬಡಾವಣೆಯ ತಗ್ಗಿನ ಖಾಲಿ ಜಾಗವೊಂದನ್ನು ಗುರುತಿಸಿದ್ದಾರೆ ಎಂಬ ಸುದ್ದಿ ಬಂದ ಕಾರಣ ಸಭೆ ಕರೆದಿದ್ದೆವು. ಸುಮಾರು 40 ಮಂದಿ ಬಂದಿದ್ದರು. ಕೊಳಚೆ ನೀರು ತಗ್ಗಿಗೇ ಹರಿಯುವುದರಿಂದ ಅದನ್ನು ಎತ್ತುವ ಯಂತ್ರವೂ ತಗ್ಗಿನಲ್ಲೇ ಇರಬೇಕೆಂದು ಎಂಜಿನಿಯರರು ಎಷ್ಟು ವಿವರಿಸಿದರೂ ಒಬ್ಬರೂ ಒಪ್ಪಲಿಲ್ಲ. ಪಂಪ್‌ಹೌಸ್ ಊರಿಗೆ ಬೇಕು, ಆದರೆ ಬೇರೆ ವಾರ್ಡಿನಲ್ಲಿ ಇರಲಿ ಎಂಬುದೇ ಎಲ್ಲರ ಮಾತು. ಬೇರೆ ವಾರ್ಡಿನವರೂ ಇದನ್ನೇ ಹೇಳುವರೆಂಬುದು ಎಲ್ಲರಿಗೂ ಗೊತ್ತಿತ್ತು.

ಆದರೆ ಅದೇ ಸಭೆಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಅಧಿಕಾರಿಗಳು ತಂದಿದ್ದ ನಕ್ಷೆಯಲ್ಲಿ ನಮ್ಮ ಹಿಂಬದಿಯ ಹಳ್ಳವನ್ನು ಒಂದು ತೆಳುವಾದ ನೇರ ಗೆರೆಯಾಗಿ ತೋರಿಸಿದ್ದರು. ಎಪ್ಪತ್ತು ದಾಟಿದ ನಮ್ಮ ನೆರೆಯವರೊಬ್ಬರು ಎದ್ದು ನಿಂತು, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಕಾಳಿ ನದಿಯ ನೀರು ಒಳಕ್ಕೆ ಒತ್ತುವಾಗಲೇ ಗುಡ್ಡದ ಕಡೆ ಜೋರು ಮಳೆಯಾದರೆ ಈ ಹಳ್ಳ ಎಲ್ಲಿಯವರೆಗೆ ಹರಡುತ್ತದೆಂದು ಮನೆಮನೆಯ ಗುರುತು ಹೇಳಿ ತೋರಿಸಿದರು. ಪಂಪ್‌ಹೌಸಿಗೆ ಗುರುತಿಸಿದ್ದ ಜಾಗದ ಅರ್ಧ ಭಾಗ ಆ ನೀರಿನೊಳಗೇ ಬರುತ್ತದೆ. ನಕ್ಷೆ ತಂದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದು ಅವರು ಒಪ್ಪಿಕೊಂಡದ್ದನ್ನು ನಾನು ಮೆಚ್ಚಿದೆ.

ಹೀಗೆ ಒಂದೇ ಸಭೆಯಲ್ಲಿ, ಒಂದೇ ಜನ, ಒಂದು ವಿಷಯದಲ್ಲಿ ತಮ್ಮ ಅನುಕೂಲವನ್ನಷ್ಟೇ ನೋಡಿದರು, ಇನ್ನೊಂದು ವಿಷಯದಲ್ಲಿ ಇಡೀ ಊರಿನ ಹಣ ಉಳಿಸುವ ಮಾತನ್ನು ಹೇಳಿದರು. ಮುಂದೆ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪರಿಷ್ಕರಣೆಯ ಕರಡು ಪ್ರಕಟವಾದಾಗ ನಾವು ಸಲಹೆ-ಆಕ್ಷೇಪಣೆ ಬರೆಯಬೇಕಾಗುತ್ತದೆ. ಸ್ಥಳೀಯರ ಮಾತು ಯಾವ ಹಂತದವರೆಗೆ ನಿರ್ಣಾಯಕವಾಗಿರಬೇಕು? ಇಡೀ ಊರಿನ, ಮುಂದಿನ ಇಪ್ಪತ್ತು ವರ್ಷಗಳ ದೃಷ್ಟಿಯಿಂದ ತೆಗೆದುಕೊಳ್ಳುವ ನಿರ್ಧಾರಕ್ಕೆ ಯಾವಾಗ ತಲೆಬಾಗಬೇಕು?

ನಿವೃತ್ತ ಯೋಜಕ

ನಗರ ಯೋಜನೆಯ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ಮೊದಲು ಕಾನೂನಿನ ಚೌಕಟ್ಟನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಗೊಂದಲದ ಅರ್ಧ ಭಾಗ ಅಲ್ಲಿಂದಲೇ ಹುಟ್ಟಿದೆ.

1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಅವುಗಳಲ್ಲಿ ಮೊದಲನೆಯದೇ ನಗರ ಯೋಜನೆ. ಆದರೂ ನಮ್ಮ ರಾಜ್ಯದಲ್ಲಿ ಮಹಾಯೋಜನೆಯನ್ನು ಸಿದ್ಧಪಡಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿಯ ಯೋಜನಾ ಪ್ರಾಧಿಕಾರ. ನಗರಾಭಿವೃದ್ಧಿ ಪ್ರಾಧಿಕಾರವಿರುವ ಊರುಗಳಲ್ಲಿ ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ನೀವು ಮತ ಹಾಕಿ ಗೆಲ್ಲಿಸಿದ ನಗರಸಭಾ ಸದಸ್ಯರ ಕೈಯಲ್ಲಿ ಚರಂಡಿಯಿದೆ, ದೀಪವಿದೆ, ಕಸವಿದೆ, ಆದರೆ ಊರು ಯಾವ ದಿಕ್ಕಿಗೆ ಬೆಳೆಯಬೇಕೆಂಬ ನಕ್ಷೆ ಇಲ್ಲ.

ಎರಡನೆಯದಾಗಿ, ಸಂವಿಧಾನದ 243ಎಸ್ ವಿಧಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಕಾರವಾರವಾಗಲಿ ಶಿರಸಿಯಾಗಲಿ ಆ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ. ಇದರಿಂದ ವಿಚಿತ್ರವಾದ ಸ್ಥಿತಿಯೊಂದು ಉಂಟಾಗಿದೆ. ಕಾಳಿ ಸೇತುವೆ ದಾಟಿ ಚಿತ್ತಾಕುಲದಲ್ಲಿ ಮನೆ ಮಾಡಿಕೊಂಡವರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮಸಭೆಯಲ್ಲಿ ಕುಳಿತು ಪ್ರಶ್ನಿಸುವ ಹಕ್ಕಿದೆ, ಅವರಿಗೆ ವಾರ್ಡ್ ಸಭೆಯೂ ಇದೆ. ಸೇತುವೆಯ ಈಚೆಗೆ, ಕೋಡಿಬಾಗದಲ್ಲಿರುವ ನಿಮಗೆ ಅಂಥ ಸಭೆಯೇ ಇಲ್ಲ. ಹಳ್ಳಿಯವನಿಗೆ ಇರುವ ಮಾತಿನ ಹಕ್ಕು ಸಣ್ಣ ಪಟ್ಟಣದವನಿಗೆ ಇಲ್ಲ. ನಿಮ್ಮ ಸಂಘದ ಸಭೆ ಅಷ್ಟು ಕಾವೇರಿದ್ದು ಇದೇ ಕಾರಣಕ್ಕೆ ಇರಬಹುದು, ಏಕೆಂದರೆ ವರ್ಷವಿಡೀ ಆಡಬೇಕಾದ ಮಾತನ್ನೆಲ್ಲ ಜನ ಸಿಕ್ಕ ಒಂದೇ ಸಭೆಯಲ್ಲಿ ಆಡುತ್ತಾರೆ. ಇಷ್ಟಿದ್ದೂ ಅದೇ ವಿಧಿಯು ವಾರ್ಡ್ ಸಮಿತಿಗಳಲ್ಲದೆ ಬೇರೆ ಸಮಿತಿಗಳನ್ನು ರಚಿಸಲು ರಾಜ್ಯಕ್ಕೆ ಅಡ್ಡಿಯಿಲ್ಲವೆಂದು ಹೇಳುತ್ತದೆ, ಆದ್ದರಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೊಳಚೆ ನೀರಿನ ಜಾಲ, ಮುಖ್ಯ ರಸ್ತೆಗಳ ಅಗಲ, ಕಸ ವಿಲೇವಾರಿಯ ಜಾಗ, ಸೇತುವೆಯ ಭದ್ರತೆ ಮೊದಲಾದವುಗಳನ್ನು ಕೇರಿಯ ಮತಕ್ಕೆ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕುಳಿದದ್ದು ಪುಣ್ಯ. ಒಂದು ವೇಳೆ ಅದಕ್ಕೂ ಮೊದಲು ಆ ಸೇತುವೆಯ ಮೇಲೆ ಭಾರದ ವಾಹನಗಳ ಸಂಚಾರ ನಿಷೇಧಿಸುವ ಪ್ರಸ್ತಾಪ ಬಂದಿದ್ದರೆ ಎಷ್ಟು ಮಂದಿ ಒಪ್ಪುತ್ತಿದ್ದರು? ದಿನನಿತ್ಯದ ಅನುಕೂಲ ಕಣ್ಣ ಮುಂದೆ ಇರುತ್ತದೆ, ಕಬ್ಬಿಣದ ತುಕ್ಕು ಇರುವುದಿಲ್ಲ. ಇಂಥಲ್ಲಿ ತಿಳಿದವರು ನಿರ್ಧರಿಸಬೇಕು, ಮತ್ತು ನಿರ್ಧಾರದ ಕಾರಣವನ್ನು ಬರಹದಲ್ಲಿ ಊರಿನ ಮುಂದಿಡಬೇಕು. ಎರಡನೆಯದನ್ನು ನಮ್ಮವರು ಮಾಡುವುದಿಲ್ಲ. ನಾನು ಸೇವೆಯಲ್ಲಿದ್ದಾಗ ನಾವೂ ಸರಿಯಾಗಿ ಮಾಡಲಿಲ್ಲ.

ಬೈತಕೋಲದ ಮಗಳು

ನಿವೃತ್ತ ಯೋಜಕರು ಹೇಳಿದ ಕಾನೂನಿನ ವಿವರಕ್ಕೆ ಕೃತಜ್ಞತೆಗಳು. ಆದರೆ "ತಿಳಿದವರು ನಿರ್ಧರಿಸಬೇಕು" ಎಂಬ ಮಾತಿಗೆ ನಾನು ಸುಲಭವಾಗಿ ತಲೆಯಾಡಿಸಲಾರೆ, ಏಕೆಂದರೆ ಮೀನುಗಾರರ ಮನೆಯಲ್ಲಿ ಹುಟ್ಟಿದ ನಾನು ಈ ಮಾತನ್ನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇನೆ.

ದೇಶದ ರಕ್ಷಣೆಗಿಂತ ದೊಡ್ಡ ಆಯಕಟ್ಟಿನ ನಿರ್ಧಾರ ಬೇರೊಂದಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು, 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಬಿಣಗಾದಿಂದ ದಕ್ಷಿಣಕ್ಕೆ ಒಂದರ ಹಿಂದೊಂದರಂತೆ ಇದ್ದ ನಮ್ಮವರ ಕಡಲತೀರಗಳು ಬೇಲಿಯ ಆಚೆಗೆ ಹೋದವು. ನೌಕಾನೆಲೆ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ, ನಮ್ಮ ಹಿರಿಯರೂ ಹಾಗೆ ಹೇಳಿದವರಲ್ಲ. ಆದರೆ ಒಂದು ಕಡಲತೀರ ಹೋದರೆ ಏನು ಹೋಗುತ್ತದೆಂಬ ಲೆಕ್ಕ ಸರ್ವೆ ನಂಬರಿನಲ್ಲಿ ಸಿಗುವುದಿಲ್ಲ. ದಡದಲ್ಲಿ ನಿಂತು ಎಳೆಯುವ ಏಂಡಿ ಬಲೆಗೆ ಉದ್ದನೆಯ, ಕಲ್ಲಿಲ್ಲದ ಮರಳಿನ ದಡ ಬೇಕು. ದೋಣಿ ಎಳೆದಿಡಲು, ಬಲೆ ಒಣಗಿಸಿ ಹೊಲಿಯಲು, ಮೀನು ಒಣಗಿಸಲು ಜಾಗ ಬೇಕು. ಇವು ಯಾವುವೂ ಯಾರ ಹೆಸರಿನಲ್ಲೂ ಪಹಣಿಯಲ್ಲಿ ಇರುವುದಿಲ್ಲ. ಭೂಮಿ ಕಳೆದುಕೊಂಡವರ ಹೆಸರಾದರೂ ಪಟ್ಟಿಯಲ್ಲಿರುತ್ತದೆ. ದಡ ಕಳೆದುಕೊಂಡವರು ಅದನ್ನು ಯಾವ ಕಾಗದದಿಂದ ಸಾಬೀತುಪಡಿಸಬೇಕು?

ಇದೇ ಹಿನ್ನೆಲೆಯಲ್ಲಿ 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗಾಗಿ ಟ್ಯಾಗೋರ್ ಕಡಲತೀರದ ಕಡೆ ಅಲೆತಡೆಗೋಡೆಯ ಕಾಮಗಾರಿ ಆರಂಭಿಸಲು ಹೊರಟಾಗ ಮೀನುಗಾರರು ಬೀದಿಗಿಳಿದರು, ವಿಷಯ ಹೈಕೋರ್ಟಿಗೂ ಹೋಯಿತು. ಹೊರಗಿನವರಿಗೆ ಅದು ಅಭಿವೃದ್ಧಿ ವಿರೋಧದಂತೆ ಕಂಡಿತು. ನಮಗೆ ಅದು ಊರಿನೊಳಗೆ ಉಳಿದಿದ್ದ ದೊಡ್ಡ ದಡದ ಪ್ರಶ್ನೆಯಾಗಿತ್ತು. ಈ ದಡವನ್ನು ಕವಿ ರವೀಂದ್ರನಾಥ ಟ್ಯಾಗೋರರು ಯೌವನದಲ್ಲಿ ಇಲ್ಲಿಗೆ ಬಂದಿದ್ದ ಕಾರಣಕ್ಕೆ ಎಲ್ಲರೂ ನೆನೆಯುತ್ತಾರೆ, ಸಂತೋಷ. ಅದೇ ದಡದಲ್ಲಿ ಬಲೆ ಎಳೆದವರನ್ನೂ ನಕ್ಷೆ ಬರೆಯುವಾಗ ನೆನೆಯಬೇಕಿತ್ತು.

ನಮ್ಮನ್ನು ಕೇಳಲಿಲ್ಲವೆಂಬುದಷ್ಟೇ ನಮ್ಮ ದೂರಲ್ಲ, ಕೇಳಿದ ಹೊತ್ತು ತಪ್ಪಾಗಿತ್ತೆಂಬುದೂ ಹೌದು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಹವಾಲು ಸಭೆಗೆ 30 ದಿನ ಮೊದಲು ಪ್ರಕಟಣೆ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಆಡಿದ ಮಾತೆಲ್ಲ ದಾಖಲಾಗಬೇಕು. ಇವೆಲ್ಲ ಒಳ್ಳೆಯವೇ. ಆದರೆ ಆ ಹೊತ್ತಿಗೆ ಜಾಗ ಗೊತ್ತಾಗಿರುತ್ತದೆ, ನಕ್ಷೆ ಮುಗಿದಿರುತ್ತದೆ, ಉಳಿದಿರುವುದು ಬೇಕು ಅಥವಾ ಬೇಡ ಎಂಬ ಎರಡೇ ಮಾತು. ಎರಡೇ ಮಾತು ಉಳಿಸಿದಾಗ ಜನ "ಬೇಡ" ಎನ್ನುತ್ತಾರೆ. ನಿಮ್ಮ ಪಂಪ್‌ಹೌಸಿನ ಸಭೆಯಲ್ಲಿ ನಡೆದದ್ದೂ ಬಹುಶಃ ಅದೇ. ಮೂರು ಜಾಗಗಳನ್ನು ತೋರಿಸಿ, ಪ್ರತಿಯೊಂದರ ಖರ್ಚು ಮತ್ತು ತೊಂದರೆಯನ್ನು ಪಕ್ಕಪಕ್ಕ ಇಟ್ಟಿದ್ದರೆ ಆ 40 ಮಂದಿ ಬೇರೆ ರೀತಿ ಮಾತನಾಡುತ್ತಿದ್ದರೆಂದು ನನಗೆ ಅನಿಸುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. ನಿಮ್ಮ ಸಭೆ ಎಷ್ಟು ಗಂಟೆಗೆ ಇತ್ತು? ಬೆಳಿಗ್ಗೆ 11 ಗಂಟೆಗೆ ಇದ್ದರೆ ಮೀನು ಮಾರುವ ಹೆಂಗಸರು ಯಾರೂ ಬಂದಿರಲಾರರು. ಅವರು ಆಗ ಮಾರುಕಟ್ಟೆಯಲ್ಲಿರುತ್ತಾರೆ.

ಕೋಡಿಬಾಗ ನಿವಾಸಿ

ಹನ್ನೊಂದಕ್ಕೇ ಇತ್ತು. ಬಾಡಿಗೆ ಮನೆಯವರನ್ನು ನಾವು ಕರೆದೇ ಇರಲಿಲ್ಲ ಎಂಬುದೂ ಈಗ ಬರೆಯುವಾಗ ಹೊಳೆಯುತ್ತಿದೆ. ಸಂಘದ ಸದಸ್ಯತ್ವ ಮನೆಯ ಮಾಲೀಕರಿಗೆ ಮಾತ್ರ ಎಂಬ ನಿಯಮವನ್ನು ಯಾರು ಯಾವಾಗ ಮಾಡಿದರೋ ತಿಳಿಯದು.

ಶಿರಸಿಯ ಓದುಗ

ಘಟ್ಟದ ಮೇಲಿನವನಾದ ನಾನು ಕರಾವಳಿಯ ವಿಷಯದಲ್ಲಿ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಇಲ್ಲಿ ಒಂದು ಕಡೆ ಜನ, ಇನ್ನೊಂದು ಕಡೆ ತಜ್ಞರು ಎಂಬಂತೆ ಚರ್ಚೆ ಸಾಗುತ್ತಿದೆ. ನಮ್ಮ ಜಿಲ್ಲೆಯ ಇತಿಹಾಸವೇ ಇದಕ್ಕೆ ಹೊರತಾದ ಉದಾಹರಣೆಯೊಂದನ್ನು ಕೊಟ್ಟಿದೆ.

ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರು ಮೆರವಣಿಗೆಗಷ್ಟೇ ನಿಲ್ಲಲಿಲ್ಲ. 1981ರ ಜನವರಿಯಲ್ಲಿ ಇಲ್ಲಿನ ತೋಟಗಾರರ ಸಹಕಾರಿ ಮಾರಾಟ ಸಂಘದ ಆಶ್ರಯದಲ್ಲಿ ವಿಚಾರ ಸಂಕಿರಣ ನಡೆಸಿ, ವಿಜ್ಞಾನಿಗಳನ್ನೂ ಅರ್ಥಶಾಸ್ತ್ರ ಬಲ್ಲವರನ್ನೂ ಕರೆಸಿ, ಯೋಜನೆಯ ಲಾಭ-ನಷ್ಟದ ಲೆಕ್ಕವನ್ನು ಸಾಲುಸಾಲಾಗಿ ಪರಿಶೀಲಿಸಿದರು. ಮುಳುಗಡೆಯಾಗುವ ಕಾಡು ಮತ್ತು ತೋಟದ ಬೆಲೆಯನ್ನು ಸರಿಯಾಗಿ ಸೇರಿಸಿದರೆ ಯೋಜನೆಯ ಲೆಕ್ಕ ನಿಲ್ಲುವುದಿಲ್ಲವೆಂದು ವಾದಿಸಿದರು. ಆ ಯೋಜನೆ ಮುಂದುವರಿಯಲಿಲ್ಲ. ಕಂಬಳಿ ಕೊಪ್ಪೆ ಹೊದ್ದು ತೋಟಕ್ಕೆ ಹೋಗುವವರು ಸರ್ಕಾರದ ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸಿದರು ಎಂಬುದು ನನಗೆ ಇಂದಿಗೂ ರೋಮಾಂಚನದ ಸಂಗತಿ. ಅವರಿಗೆ ಬಲವಾದ ಸಹಕಾರಿ ಸಂಘವಿತ್ತು, ಓದಿದ ಮಕ್ಕಳಿದ್ದರು, ಕೈಯಲ್ಲಿ ದುಡ್ಡಿತ್ತು. ಬೈತಕೋಲದ ಸಹೋದರಿಯ ಮಾತು ಓದುವಾಗ, ಎಲ್ಲರಿಗೂ ಅಂಥ ಬಲ ಇರುವುದಿಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ.

ಆದರೆ "ಸ್ಥಳೀಯರು" ಎಂದರೆ ಯಾರು ಎಂಬುದನ್ನೂ ಕೇಳಿಕೊಳ್ಳೋಣ. ಅಘನಾಶಿನಿ ನದಿಯ ಒಂದು ಮೂಲ ನಮ್ಮ ಶಿರಸಿ ಪೇಟೆಯ ಶಂಕರಹೊಂಡ. ನಮ್ಮ ಊರಿನ ಕೊಳಚೆ ನೀರನ್ನು ಎಲ್ಲಿ ಬಿಡಬೇಕು, ಯಾವ ಕೆರೆಯಂಚನ್ನು ಬಡಾವಣೆಗೆ ಕೊಡಬೇಕು ಎಂದು ನಾವು ಶಿರಸಿಯಲ್ಲಿ ಕುಳಿತು ನಿರ್ಧರಿಸುತ್ತೇವೆ. ಅಣೆಕಟ್ಟಿಲ್ಲದೆ ಹರಿಯುವ ಆ ನದಿ ಕುಮಟಾದ ಬಳಿ ಕಡಲು ಸೇರುತ್ತದೆ. ಅಲ್ಲಿನ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವವರಿದ್ದಾರೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವವರಿದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಶಿರಸಿಯ ಚರಂಡಿಯ ವಿಷಯದಲ್ಲಿ ಆ ಚಿಪ್ಪಿ ಹೆಕ್ಕುವವರು ಸ್ಥಳೀಯರೋ ಅಲ್ಲವೋ? ವಾರ್ಡಿನ ಗಡಿ ನೋಡಿದರೆ ಅಲ್ಲ. ನೀರಿನ ಗಡಿ ನೋಡಿದರೆ ನಮ್ಮಷ್ಟೇ ಸ್ಥಳೀಯರು.

ಆದ್ದರಿಂದ ಕಾರವಾರದ ಸ್ನೇಹಿತರ ಪಂಪ್‌ಹೌಸಿಗೂ ನಾನು ಇದೇ ಅಳತೆಗೋಲು ಹಿಡಿಯುತ್ತೇನೆ. ಪಕ್ಕದ ಮನೆಯವರು ಸ್ಥಳೀಯರು ಹೌದು, ಪಂಪ್‌ಹೌಸ್ ಆಗದಿದ್ದರೆ ಯಾರ ಬಾವಿಗೆ ಕೊಳಚೆ ಇಳಿಯುತ್ತದೋ ಅವರೂ ಸ್ಥಳೀಯರೇ. ಅವರನ್ನೂ ಕರೆದು ಕೂರಿಸಿದರೆ ಸಭೆಯ ಧ್ವನಿ ಬದಲಾಗಬಹುದು.

ಇನ್ನು, ಕಾಗದವಿಲ್ಲದೆ ಉಳಿದ ಯೋಜನೆಗಳೂ ಇವೆ. ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಗೆ ಪೇಟೆಯ ಬಿಡಕಿಬೈಲನ್ನು ಬಯಲಾಗಿಯೇ ಉಳಿಸಿಕೊಳ್ಳಬೇಕು, ರಥ ಸಾಗುವ ದಾರಿಗೆ ಅಡ್ಡ ಬರುವಂತೆ ಕಟ್ಟಬಾರದು ಎಂಬುದು ಪೇಟೆಯ ಮಕ್ಕಳಿಗೂ ಗೊತ್ತು. ದೇವಿಯ ರಥಕ್ಕೆ ಸಿಗುವ ಈ ಗೌರವ ಹಳ್ಳದ ನೀರಿಗೂ ಸಿಗಬಾರದೇ ಎಂದು ಮಳೆಗಾಲದಲ್ಲಿ ನನಗೆ ಅನ್ನಿಸುವುದುಂಟು.

ತಗ್ಗಿನೂರಿನವ

ಮೇಲಿನ ಎಲ್ಲರಿಗೂ ನಮಸ್ಕಾರ. ನಾನು ಸಂಕ್ಷಿಪ್ತವಾಗಿ ಬರೆಯುತ್ತೇನೆ. ಕಾರವಾರದ ಆಸುಪಾಸಿನ ನಮ್ಮ ಊರಿನಲ್ಲಿ ದೊಡ್ಡ ಕಾಮಗಾರಿಯೊಂದರ ಗೋಡೆ ಎದ್ದಾಗ, ಗುಡ್ಡದ ನೀರು ಕಡಲಿಗೆ ಇಳಿಯುತ್ತಿದ್ದ ನಾಲ್ಕು ತೋಡುಗಳ ಪೈಕಿ ಎರಡಕ್ಕೆ ಮಾತ್ರ ಕಿಂಡಿ ಬಿಟ್ಟರು. ಉಳಿದೆರಡು ಬೇಸಿಗೆಯಲ್ಲಿ ಒಣಗಿರುತ್ತವೆ, ಸರ್ವೆ ನಡೆದದ್ದೂ ಬೇಸಿಗೆಯಲ್ಲಿ. ನಮ್ಮ ತಂದೆಯವರು ಹೋಗಿ ಹೇಳಿದರು. ಬರೆದುಕೊಡಿ ಎಂದರು. ಬರೆದುಕೊಟ್ಟರು. ಅಲ್ಲಿಂದ ಈಚೆಗೆ ಪ್ರತಿ ಜುಲೈಯಲ್ಲೂ ನಮ್ಮ ಅಡುಗೆಮನೆಗೆ ನೀರು ಬರುತ್ತದೆ. ಗೋಡೆ ಕಟ್ಟಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಆ ಕಾಮಗಾರಿ ಬೇಕಾಗಿತ್ತೋ ಬೇಡವೋ ಎಂದು ನಮ್ಮ ತಂದೆಯವರು ಕೇಳಿರಲಿಲ್ಲ, ಎರಡು ಕಿಂಡಿ ಕೇಳಿದ್ದರು ಅಷ್ಟೇ. ಇಂಥ ಮಾತನ್ನು "ಅಭಿಪ್ರಾಯ" ಎಂಬ ಕಡತಕ್ಕೆ ಹಾಕುವುದು ತಪ್ಪು. ಅದನ್ನು ಮಳೆಯ ಅಳತೆ, ಮಣ್ಣಿನ ಪರೀಕ್ಷೆಗಳ ಜೊತೆಗೆ ಸರ್ವೆಯ ಕಡತದಲ್ಲೇ ಇಡಬೇಕು.

ನಿವೃತ್ತ ಯೋಜಕ

ತಗ್ಗಿನೂರಿನವರ ಕೊನೆಯ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನನ್ನ ಮೊದಲ ಉತ್ತರದಲ್ಲಿ ಇದು ಬಿಟ್ಟುಹೋಗಿತ್ತು. ಜನರು ಹೇಳುವುದರಲ್ಲಿ ಎರಡು ಬಗೆಯಿದೆ, "ನಮಗೆ ಇದು ಬೇಡ" ಎಂಬುದು ಒಂದು, "ಇಲ್ಲಿ ನೀರು ಹೀಗೆ ಹರಿಯುತ್ತದೆ" ಎಂಬುದು ಇನ್ನೊಂದು. ಮೊದಲನೆಯದನ್ನು ಊರಿನ ಉಳಿದವರ ಹಿತದೊಂದಿಗೆ ತೂಗಬೇಕು, ಎರಡನೆಯದನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಬೇಕು. ಎರಡಕ್ಕೂ ಒಂದೇ ನಮೂನೆಯ ಅರ್ಜಿ ಇಟ್ಟು, ಎರಡಕ್ಕೂ "ಪರಿಶೀಲಿಸಲಾಗುವುದು" ಎಂಬ ಒಂದೇ ಹಿಂಬರಹ ಕೊಡುವುದರಿಂದ ಎರಡನೆಯ ಬಗೆಯ ಮಾತು ಮೊದಲನೆಯದರ ರಾಶಿಯಲ್ಲಿ ಹೂತುಹೋಗುತ್ತದೆ.

ಬೈತಕೋಲದವರಿಗೆ ಒಂದು ಮಾತು. ರಕ್ಷಣಾ ಅಗತ್ಯಕ್ಕೆ ಕಾನೂನೇ ಬೇರೆ ದಾರಿ ಬಿಟ್ಟಿದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯು ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕೆನ್ನುತ್ತದೆ, ಸ್ಥಳೀಯ ಪಂಚಾಯಿತಿ ಅಥವಾ ನಗರಸಭೆಯೊಂದಿಗೆ ಸಮಾಲೋಚಿಸಬೇಕೆನ್ನುತ್ತದೆ, ಆದರೆ ದೇಶದ ರಕ್ಷಣೆಯ ತುರ್ತಿನಲ್ಲಿ ಆ ಅಧ್ಯಯನಕ್ಕೆ ವಿನಾಯಿತಿ ಕೊಡಲು ಅವಕಾಶವನ್ನೂ ಇಟ್ಟಿದೆ. ವಿನಾಯಿತಿ ಬೇಕಾಗುವ ಸಂದರ್ಭಗಳು ಇರುತ್ತವೆ ಎಂದೇ ನಾನು ಈಗಲೂ ನಂಬುತ್ತೇನೆ. ಆದರೆ ತುರ್ತು ಎಂಬುದು ನೌಕಾನೆಲೆಗೆ ಸಲ್ಲಬಹುದಾದ ಮಾತು, ವಾಣಿಜ್ಯ ಬಂದರಿಗೋ ಬಡಾವಣೆಗೋ ಪಂಪ್‌ಹೌಸಿಗೋ ಸಲ್ಲುವುದಿಲ್ಲ. ಅಲ್ಲಿ ಅವಸರ ತೋರಿಸುವವರನ್ನು ಕಾರಣ ಕೇಳುವುದು ನ್ಯಾಯವೇ.

ಪ್ರಶ್ನೆ ಕೇಳಿದವರಿಗೆ ಕೆಲಸಕ್ಕೆ ಬರುವ ವಿವರ ಇಷ್ಟು. ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಸಲಹೆ-ಆಕ್ಷೇಪಣೆಗೆ 60 ದಿನಗಳಿರುತ್ತವೆ. ಒಮ್ಮೆ ಅಂತಿಮವಾದ ಯೋಜನೆಯನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಎಲ್ಲರೂ ಕಣ್ಣಿಡುವುದು ಈ 60 ದಿನಗಳ ಮೇಲೆ, ಆದರೆ ಊರಿನ ರೂಪ ಸದ್ದಿಲ್ಲದೆ ಬದಲಾಗುವುದು ನಡುವಿನ ವರ್ಷಗಳಲ್ಲಿ, ಒಂದೊಂದೇ ಸರ್ವೆ ನಂಬರಿನ ಭೂಬಳಕೆ ಬದಲಾವಣೆಯ ಮೂಲಕ. ಅದಕ್ಕೂ ಪತ್ರಿಕಾ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಪತ್ರಿಕೆಯ ಒಳಪುಟದ ಆ ಸಣ್ಣ ಅಕ್ಷರಗಳನ್ನು ಓದುವ ಕೆಲಸವನ್ನು ಸಂಘದ ಯಾರಾದರೊಬ್ಬರಿಗೆ ವಹಿಸಿ. ನಿವೃತ್ತರಾದವರಿಗೆ ವಹಿಸುವುದು ಉತ್ತಮ, ನಮಗೆ ಪತ್ರಿಕೆ ಓದಲು ಸಮಯವಿರುತ್ತದೆ.

ಕೋಡಿಬಾಗ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಘದ ಪದಾಧಿಕಾರಿಗಳೊಂದಿಗೆ ಮಾತನಾಡಿದೆ. ಪಂಪ್‌ಹೌಸ್ ಬೇಡವೆಂಬ ನಿರ್ಣಯವನ್ನು ಸದ್ಯಕ್ಕೆ ಕಳುಹಿಸದೆ ತಡೆಹಿಡಿದಿದ್ದೇವೆ. ಇಬ್ಬರು ಇದನ್ನು ಒಪ್ಪಲಿಲ್ಲ, ಒಬ್ಬರು ರಾಜೀನಾಮೆಯ ಮಾತನ್ನೂ ಆಡಿದ್ದಾರೆ. ಮುಂದಿನ ಸಭೆಯನ್ನು ಸಂಜೆ ಏಳಕ್ಕೆ ಇಟ್ಟು, ಬಾಡಿಗೆ ಮನೆಯವರನ್ನೂ ಹಳ್ಳದ ಆಚೆ ಬದಿಯ ಕೇರಿಯವರನ್ನೂ ಕರೆಯುವುದೆಂದು ಆಗಿದೆ.

ಅದಕ್ಕಿಂತ ಮೊದಲು, ಬರುವ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಹಳ್ಳದುದ್ದಕ್ಕೂ ನಡೆದು, ನಮ್ಮ ಹಿರಿಯ ನೆರೆಯವರು ತೋರಿಸಿದ ಗುರುತುಗಳಲ್ಲಿ ಗೂಟ ನೆಟ್ಟು, ಅವುಗಳನ್ನು ಸರ್ವೆ ನಕ್ಷೆಯ ಮೇಲೆ ಬರೆಸುವ ಯೋಚನೆಯಿದೆ. ಎಂಜಿನಿಯರರನ್ನೂ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ, ಆದರೆ ಯಾವ ಚಪ್ಪಲಿ ಹಾಕಿಕೊಂಡು ಬರಬೇಕೆಂದು ಕೇಳಿದ್ದಾರೆ.

ಬೈತಕೋಲದ ಮಗಳು

ಚಪ್ಪಲಿ ಬಿಟ್ಟೇ ಬರಲು ಹೇಳಿ. ಆ ಕೆಸರಿನಲ್ಲಿ ಯಾವ ಚಪ್ಪಲಿಯೂ ಉಳಿಯುವುದಿಲ್ಲ. ಏಳು ಗಂಟೆಯ ಸಭೆಗೆ ನಮ್ಮ ಕಡೆಯಿಂದಲೂ ಇಬ್ಬರು ಬರಬಹುದೇ ಎಂದು ತಿಳಿಸಿ.

ಕೋಡಿಬಾಗ ನಿವಾಸಿ

ಖಂಡಿತ ಬನ್ನಿ. ಬಲೆ ಒಣಗಿಸುವ ಜಾಗಗಳ ಗುರುತನ್ನೂ ಬರೆದು ತನ್ನಿ, ಅದೇ ನಕ್ಷೆಯಲ್ಲಿ ಸೇರಿಸೋಣ.